ಬಿದರಿಯ ಪಾತ್ರೆಗೆ ಹುಣಿಸೆಹಣ್ಣು ಬೇಡ

ಹಬ್ಬ ಸಮೀಪಿಸಿತೆಂದರೆ ಹಿತ್ತಾಳೆ ತಾಮ್ರಗಳೆಲ್ಲ ಅಟ್ಟದಿಂದಿಳಿದು ಹುಣಿಸೆಹಣ್ಣಿನಲ್ಲಿ ಬೆಳಗಿಸಿಕೊಳ್ಳುವುದು ನಮ್ಮ ಮನೆಗಳ ರೂಢಿ. ಕಳೆದ ಹಬ್ಬದಲ್ಲಿ ನಮ್ಮ ಮನೆಯ ಹೊಸ ಸೊಸೆಯು ಅವುಗಳೊಡನೆ ಅಜ್ಜಿಯ ಬಿದರಿಯ ಅಡಕೆಡಬ್ಬಿಯನ್ನೂ ಶ್ರದ್ಧೆಯಿಂದ ಉಜ್ಜಿಬಿಟ್ಟಳು. ಕಪ್ಪು ಮಾಸಿ ಡಬ್ಬಿಯು ಬೂದುಬಣ್ಣವಾಯಿತು. ಬೆಳ್ಳಿಯ ಬಳ್ಳಿ ಅದರಲ್ಲಿ ಅಡಗಿಹೋಯಿತು. ಅಜ್ಜಿ ಏನೂ ಆಡಲಿಲ್ಲ. ಸೊಸೆ ಮಾತ್ರ ಅತ್ತಳು.

ಅವಳದು ತಪ್ಪಲ್ಲ, ತಿಳಿಯದುದು. ಬೀದರಿನ ಈ ಕೆಲಸದಲ್ಲಿ ಸತುವೇ ಮುಖ್ಯ ಲೋಹ, ತಾಮ್ರವು ಅತ್ಯಲ್ಪ. ಎರಕ ಹೊಯ್ದ ಪಾತ್ರೆಯನ್ನು ಅರದಿಂದ ನುಣುಪುಗೊಳಿಸಿ, ಉಳಿಯಿಂದ ಚಿತ್ರವನ್ನು ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂಡಿಸುವರು. ಇಷ್ಟಾದರೂ ಬೆಳ್ಳಿಯು ಎದ್ದು ಕಾಣದು. ಕಡೆಗೆ ಪಾತ್ರೆಯನ್ನು ಬಿಸಿಮಾಡಿ, ಬೀದರಿನ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಬಳಿದಾಗ ಸತುವು ಕಾಡಿಗೆಯಂತೆ ಕಪ್ಪಾಗುವುದು. ಬೆಳ್ಳಿ ಬೆಳ್ಳಗೇ ಉಳಿಯುವುದು.

ಆ ಕಪ್ಪು ಕೊಳೆಯಲ್ಲ. ಕುಶಲಿಯು ಕಡೆಯಲ್ಲಿ ತೊಡಿಸಿದ ತೆಳುವಾದ ಪೊರೆ. ಹುಳಿಯು ಅದನ್ನು ತಿನ್ನುವುದು. ಬೂದಿ, ಇಟ್ಟಿಗೆಪುಡಿಗಳು ಕೆರೆಯುವುವು. ಆದುದರಿಂದ ಗೃಹಿಣಿಯರು ಬಿದರಿಯನ್ನು ಬೇರೆಯಾಗಿರಿಸಿ, ಮೆತ್ತನೆಯ ಒಣಬಟ್ಟೆಯಿಂದ ಧೂಳನ್ನೊರಸಿ, ಒಂದು ತೊಟ್ಟು ಕೊಬ್ಬರಿಯೆಣ್ಣೆಯನ್ನು ಸವರಿ ಒರಸಿ ತೆಗೆಯತಕ್ಕದ್ದು. ಅಷ್ಟೇ ಸಾಕು.

ಕಪ್ಪು ಕಳೆದಿದ್ದರೆ ಮನೆಯಲ್ಲಿ ಬಣ್ಣ ಬಳಿಯಬಾರದು. ಬೀದರಿನ ಕುಶಲಿಗಳಿಗೆ ತೋರಿಸಬೇಕು. ಆ ವಿದ್ಯೆ ಇನ್ನೂ ಬದುಕಿದೆ. 2023ರಲ್ಲಿ ಅಲ್ಲಿಯ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು. ನಮ್ಮ ಡಬ್ಬಿಯೂ ಈಗ ಬೀದರಿಗೆ ಹೊರಟಿದೆ, ಕೊಂಡೊಯ್ಯುವವಳು ಸೊಸೆಯೇ.