ನಿಸರ್ಗಾಸಕ್ತರ ಸಂಘ ನಮಗೇಕೆ ಬೇಡ?

ಮುಂಬಯಿಯ ಕನ್ನಡಿಗರಲ್ಲಿ ಸಂಘ ಸಂಸ್ಥೆಗಳಿಗೆ ಕೊರತೆಯಿಲ್ಲ. ನಾಟಕಕ್ಕೆ, ಯಕ್ಷಗಾನಕ್ಕೆ, ಭಜನೆಗೆ, ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ನಾವು ಸಂಘ ಕಟ್ಟಿದ್ದೇವೆ. ಹೋಟೆಲಿನ ಹುಡುಗರಿಗಾಗಿ ರಾತ್ರಿ ಶಾಲೆಗಳನ್ನೂ ನಡೆಸಿದ್ದೇವೆ. ಆದರೆ ಸುತ್ತಣ ಹಕ್ಕಿ, ಚಿಟ್ಟೆ, ಗಿಡಮರಗಳನ್ನು ನೋಡಿ ತಿಳಿಯಲು ನಮ್ಮದೊಂದು ಸಂಘವಿರಲಿ ಎಂದರೆ, ‘ಅದು ವಿದ್ವಾಂಸರ, ಸಿರಿವಂತರ ಹವ್ಯಾಸ, ದುಡಿದು ತಿನ್ನುವವರಿಗೆ ಅದೇಕೆ?’ ಎಂಬ ಉತ್ತರ ಬರುತ್ತದೆ. ಈ ಮಾತು ಪೂರ್ತಿ ಸರಿಯಲ್ಲವೆಂಬುದಕ್ಕೆ ಇದೇ ನಗರದಲ್ಲಿ ಸಾಕ್ಷಿಯಿದೆ.

1883ರ ಸೆಪ್ಟೆಂಬರ್ 15ರಂದು ಈ ನಗರದ ಎಂಟು ಮಂದಿ ಕೂಡಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಸ್ಥಾಪಿಸಿದರು. ಅವರಲ್ಲಿ ಡಾ. ಆತ್ಮಾರಾಮ್ ಪಾಂಡುರಂಗ, ಡಾ. ಸಖಾರಾಮ್ ಅರ್ಜುನ್ ಎಂಬ ಇಬ್ಬರು ಭಾರತೀಯ ವೈದ್ಯರೂ ಇದ್ದರು. ಸಂಘಕ್ಕೆ ಸ್ವಂತ ಸೂರಿರಲಿಲ್ಲ. ಮೊದಲು ಭಾಯಖಳದ ವಸ್ತುಸಂಗ್ರಹಾಲಯದಲ್ಲಿ ಸೇರುತ್ತಿದ್ದರು; 1884ರ ಜನವರಿಯಲ್ಲಿ ಫಿಪ್ಸನ್ ಎಂಬ ಮದ್ಯದ ವ್ಯಾಪಾರಿ ಫೋರ್ಬ್ಸ್ ಬೀದಿಯ ತನ್ನ ಅಂಗಡಿಯಲ್ಲಿ ಒಂದು ಕೋಣೆ ಬಿಟ್ಟುಕೊಟ್ಟನು. 1886ರಲ್ಲಿ ಆರಂಭವಾದ ಅದರ ನಿಯತಕಾಲಿಕೆ ಇಂದಿಗೂ ನಡೆಯುತ್ತಿದೆ.

1908ರಲ್ಲಿ ಬಾಲಕನೊಬ್ಬನು ಹಳದಿ ಕುತ್ತಿಗೆಯ ಸತ್ತ ಗುಬ್ಬಿಯೊಂದನ್ನು ಹಿಡಿದು, ಇದಾವ ಹಕ್ಕಿಯೆಂದು ಕೇಳಲು ಆ ಸಂಘದ ಬಾಗಿಲಿಗೆ ಬಂದನು. ಕಾರ್ಯದರ್ಶಿ ಮಿಲರ್ಡ್ ಅವರು ಹುಡುಗನೆಂದು ಗದರಿಸಿ ಕಳುಹಿಸಲಿಲ್ಲ. ಹೆಸರು ಹೇಳಿ, ಸಂಗ್ರಹವನ್ನು ತೋರಿಸಿ, ಓದಲು ಪುಸ್ತಕ ಕೊಟ್ಟರು. ಆ ಬಾಲಕನೇ ಮುಂದೆ ಭಾರತದ ಪಕ್ಷಿಶಾಸ್ತ್ರಕ್ಕೆ ಹೆಸರಾದ ಸಲೀಂ ಅಲಿ. ವಿಶ್ವವಿದ್ಯಾಲಯದ ಪದವಿಯಿಲ್ಲದ ಆತ ಗೀಜಗನ ಗೂಡುಗಳನ್ನು ತಾಳ್ಮೆಯಿಂದ ನೋಡಿ ಬರೆದ ಲೇಖನ 1930ರಲ್ಲಿ ವಿದ್ವಾಂಸರ ಗಮನ ಸೆಳೆಯಿತು.

ಆ ಎಂಟು ಮಂದಿ ಬಡವರಾಗಿರಲಿಲ್ಲ, ನಿಜ. ಆದರೆ ಸಂಘವು ಬಾಳಿದ್ದು ಹಣವೊಂದರಿಂದಲೇ ಅಲ್ಲ. ಗೊತ್ತಾದ ದಿನ ತಪ್ಪದೆ ಸೇರುವುದು, ಕಂಡದ್ದನ್ನು ಕಂಡಂತೆ ಬರೆದಿಡುವುದು, ಕೇಳಬಂದವರಿಗೆ ಉತ್ತರ ಕೊಡುವುದು, ಈ ಮೂರರಿಂದ ಬಾಳಿತು. ಇವುಗಳಲ್ಲಿ ನಮಗೆ ಸಾಧ್ಯವಿಲ್ಲದ್ದು ಯಾವುದು? ಲೆಕ್ಕದ ಪುಸ್ತಕದಲ್ಲಿ ಒಂದು ಕಾಸಿನ ವ್ಯತ್ಯಾಸವನ್ನೂ ಬಿಡದ ನಮ್ಮ ಗುಮಾಸ್ತನಿಗೆ ದಿನಾಂಕ, ವೇಳೆ, ಸ್ಥಳ, ಹಕ್ಕಿಯ ಹೆಸರು, ಸಂಖ್ಯೆ, ನೋಡಿದವರ ಹೆಸರು ಎಂದು ಆರು ಕಲಮುಗಳ ಪುಸ್ತಕವಿಡುವುದು ಕಷ್ಟವೇ? ನಸುಕಿನಲ್ಲೆದ್ದು ಒಲೆ ಹಚ್ಚುವ ಹೋಟೆಲ್ ಕಾರ್ಮಿಕನಷ್ಟು ಮುಂಜಾನೆಯ ಹಕ್ಕಿಗಳ ದನಿ ಕೇಳುವವರು ನಗರದಲ್ಲಿ ಎಷ್ಟು ಜನರಿದ್ದಾರೆ?

ಒಂದು ತೊಡಕನ್ನು ಮಾತ್ರ ಮೊದಲೇ ಬಿಡಿಸಿಕೊಳ್ಳಬೇಕು. ಗುಮಾಸ್ತರಿಗೆ ಭಾನುವಾರ ರಜೆ. ಹೋಟೆಲಿನವರಿಗೆ ಅಂದೇ ಹೆಚ್ಚಿನ ದುಡಿಮೆ. ಭಾನುವಾರ ಮಾತ್ರ ಸೇರುವ ಸಂಘವು ಅರ್ಧ ಜನರನ್ನು ಹೊರಗಿಟ್ಟಂತೆಯೇ ಸರಿ. ಆದುದರಿಂದ ತಿಂಗಳಿಗೆ ಎರಡು ಸಂಚಾರಗಳಿರಲಿ: ಒಂದು ಭಾನುವಾರ ಬೆಳಿಗ್ಗೆ, ಇನ್ನೊಂದು ಊಟದ ಗಿರಾಕಿಗಳು ತೆರಳಿ ಸಂಜೆಯ ತಿಂಡಿ ಆರಂಭವಾಗುವ ಮೊದಲು. ಚಳಿಗಾಲದಿಂದ ಮಳೆಗಾಲದ ಮುಂಚಿನವರೆಗೆ ಥಾಣೆ ಖಾಡಿಯ ಕೆಸರಿಗೆ ಬಂದಿಳಿಯುವ ಫ್ಲೆಮಿಂಗೊ ಹಿಂಡುಗಳನ್ನು ನೋಡಲು ಕಡಲ ಇಳಿತವೇ ತಕ್ಕ ಸಮಯ. ಆ ವೇಳೆಯು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ಕೆಲವು ದಿನ ಮಧ್ಯಾಹ್ನದ ಬಿಡುವಿಗೂ ಅದು ಒದಗುತ್ತದೆ.

ಇದರಿಂದ ಲಾಭವೇನೆಂದು ಕೇಳುವವರಿಗೆ ನಮ್ಮದೊಂದು ಮಾತು. ಕೆಂಬೂತ, ಮಡಿವಾಳ, ಮಿಂಚುಳ್ಳಿ, ಬೆಳ್ಳಕ್ಕಿ ಎಂದು ನೋಡಿದ ಕ್ಷಣವೇ ಗುರುತಿಸುವ ಹಿರಿಯರು ನಮ್ಮ ಹೋಟೆಲುಗಳ ಅಡುಗೆಮನೆಯಲ್ಲಿದ್ದಾರೆ. ಕರಾವಳಿಯ ಗದ್ದೆಬಯಲಿನಲ್ಲಿ ದನ ಮೇಯಿಸುತ್ತ ಕಲಿತ ವಿದ್ಯೆಯದು. ಇಲ್ಲಿ ಹುಟ್ಟಿದ ಅವರ ಮೊಮ್ಮಕ್ಕಳಿಗಾದರೋ ಕಾಗೆ, ಪಾರಿವಾಳಗಳಾಚೆ ಕನ್ನಡದ ಹೆಸರು ತಿಳಿಯದು. ಕೇಳುವವರಿಲ್ಲದೆ, ಬರೆದಿಡುವವರಿಲ್ಲದೆ ಆ ಹೆಸರುಗಳು ಭಟ್ಟರೊಡನೆಯೇ ಒಂದು ದಿನ ತೀರಿಹೋಗುತ್ತವೆ. ಮತ್ತೆ ಅವನ್ನು ಯಾವ ನಿಘಂಟಿನಿಂದ ತರೋಣ? ಅಡುಗೆಯ ಭಟ್ಟರು ಗುರುವಾಗಿ, ಓದಿದ ಗುಮಾಸ್ತ ಶಿಷ್ಯನಾಗಿ ಕುಳಿತುಕೊಳ್ಳುವ ಸಭೆ ನಮ್ಮ ಸಮಾಜದಲ್ಲಿ ಬೇರೆ ಎಲ್ಲಿದೆ?

ಎರಡು ಎಚ್ಚರಿಕೆಗಳು ಅವಶ್ಯ. ತಿಳಿಯದ ಹಕ್ಕಿಯನ್ನು ‘ತಿಳಿಯದು’ ಎಂದೇ ಬರೆಯಬೇಕು. ಊಹೆಯನ್ನು ಬರೆದ ಪುಸ್ತಕ ಸುಳ್ಳು ಲೆಕ್ಕಕ್ಕೆ ಸಮಾನ. ಗೂಡಿರುವ ಸ್ಥಳವನ್ನು ಊರಿಗೆಲ್ಲ ಸಾರಬಾರದು. ನೋಡುವವರ ನೂಕುನುಗ್ಗಲಿಗೆ ಬೆದರಿ ಹಕ್ಕಿ ಮರಿಗಳನ್ನೇ ತೊರೆದೀತು.

ಅದ್ಧೂರಿ ಉದ್ಘಾಟನೆ ನಡೆದು ಎರಡನೆಯ ಸಭೆ ಕಾಣದ ಸಂಘಗಳು ನಮ್ಮಲ್ಲಿ ಬೇಕಾದಷ್ಟಿವೆ. ಇದಕ್ಕೆ ಉದ್ಘಾಟಕರೂ ಬೇಡ, ಹಾರ ತುರಾಯಿಯೂ ಬೇಡ. ಐದಾರು ಮಂದಿ, ಒಂದು ಪುಸ್ತಕ, ಒಂದು ಗೊತ್ತಾದ ದಿನ ಇದ್ದರೆ ಸಾಕು. ಮದ್ಯದಂಗಡಿಯ ಕೋಣೆಯಲ್ಲಿ ಬೆಳೆದ ಸಂಘವು ಶತಮಾನವನ್ನು ದಾಟಿರುವಾಗ, ನಮ್ಮ ಉಪಾಹಾರ ಗೃಹದ ಮೂಲೆಯ ಮೇಜೊಂದರಲ್ಲಿ ಇನ್ನೊಂದು ಏಕೆ ಮೊಳೆಯಬಾರದು? ಮೊದಲ ಪುಟಕ್ಕೆ ನಾಳಿನ ಮುಂಜಾವಿನ ತಾರೀಖು ಬೀಳಲಿ.