ಪ್ರಚಾರದಲ್ಲಿ ಪಂಕ್ತಿಭೇದ ಬೇಡ

1956ನೇ ಇಸವಿ ನವಂಬರ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದುದನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ. ಅದೇ ದಿನ ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಆಂಧ್ರ ಪ್ರದೇಶಕ್ಕೆ ಹೋದುವೆಂಬುದು ಮಾತ್ರ ನಮ್ಮಲ್ಲಿ ಹಲವರಿಗೆ ತಿಳಿಯದು. ಗದ್ವಾಲ, ಅದರ ನೆರೆಯ ಮಕ್ತಲ್, ಸೀರೆಗೆ ಹೆಸರಾದ ನಾರಾಯಣಪೇಟೆ, ಈ ಮೂರೂ ಊರುಗಳು 2014ರಿಂದ ತೆಲಂಗಾಣದಲ್ಲಿವೆ. ರಾಜ್ಯದ ಹೆಸರು ಬದಲಾಯಿತು, ಜಿಲ್ಲೆಯ ಹೆಸರೂ ಬದಲಾಯಿತು. ಕೃಷ್ಣಾ ತೀರದ ಅನೇಕ ಹಳ್ಳಿಗಳಲ್ಲಿ ಮನೆಮಾತು ಕನ್ನಡವಾಗಿಯೇ ಉಳಿಯಿತು. ಅಲ್ಲಿನ ಕೃಷ್ಣಾ ಮಂಡಲದಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ನಮ್ಮ ಸುಖದುಃಖಗಳೇ ಅವರ ಸುಖದುಃಖಗಳು.

ಅವರನ್ನೂ ನಮ್ಮನ್ನೂ ಒಂದೇ ಸದಸ್ಯರ ಪಟ್ಟಿಯಲ್ಲಿ ಸೇರಿಸಿಕೊಂಡಿರುವ ಸಂಸ್ಥೆ 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತು. ಕೇರಳದಂತೆಯೇ ತೆಲಂಗಾಣದಲ್ಲೂ ಅದರ ಗಡಿನಾಡ ಘಟಕವಿದೆ. ಅಧ್ಯಕ್ಷರನ್ನು ಸದಸ್ಯರು ಮತ ಹಾಕಿ ಆರಿಸುತ್ತಾರೆ. ತನ್ನದೇ ನಿಬಂಧನೆ, ತನ್ನದೇ ಸರ್ವಸದಸ್ಯರ ಸಭೆ ಇರುವ ಸಂಸ್ಥೆಗೆ ಪ್ರಚಾರದ ನಿಯಮವನ್ನು ದಿಲ್ಲಿಯ ಚುನಾವಣಾ ಆಯೋಗ ಬಂದು ಮಾಡಿಕೊಡುವುದಿಲ್ಲ. ಅದನ್ನು ಸದಸ್ಯರೇ ಮಾಡಿಕೊಳ್ಳಬೇಕು. 2021ರ ನವಂಬರದಲ್ಲಿ ಚುನಾಯಿತವಾದ ಆಡಳಿತದ ಅವಧಿ ಐದು ವರ್ಷದ್ದು. ಮುಂದಿನ ಚುನಾವಣೆ ಯಾವಾಗ ನಡೆದರೂ, ಅದಕ್ಕೆ ಮೊದಲೇ ಈ ಮಾತು ಇತ್ಯರ್ಥವಾಗುವುದು ಅಪೇಕ್ಷಣೀಯ.

2021ರಲ್ಲಿ ಮತದಾರರು ಸುಮಾರು 3 ಲಕ್ಷ ಮಂದಿ. ಮೇ 9ಕ್ಕೆ ಗೊತ್ತಾಗಿದ್ದ ಮತದಾನ ಕೊರೋನದಿಂದಾಗಿ ನವಂಬರ 21ಕ್ಕೆ ಹೋಯಿತು. ಹೊರರಾಜ್ಯದವರ ಮತಗಳೂ ಸೇರಿ ಎಣಿಕೆ ಮುಗಿದು ಫಲಿತಾಂಶ ಹೊರಬಿದ್ದುದು 24ರಂದು. ಆಗ ಜಾತಿಯ ಮಾತು, ಪಕ್ಷದ ಮಾತು ಎಷ್ಟು ಕೇಳಿಬಂತೆಂಬುದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಅದಕ್ಕಿಂತ ಹೆಚ್ಚಾಗಿ ನಮ್ಮನ್ನು ಕಾಡುವ ಪ್ರಶ್ನೆ ಬೇರೆಯದು. ಮಕ್ತಲ್ ಬಸ್ ನಿಲ್ದಾಣದ ಬಳಿ ಅಂಗಡಿ ಇಟ್ಟುಕೊಂಡಿರುವ ಒಬ್ಬ ಸದಸ್ಯನಿದ್ದಾನೆಂದು ಭಾವಿಸೋಣ. ಆತನ ಬಳಿಗೆ ಯಾರ ಮಾತು ತಲಪುತ್ತದೆ?

ಲೆಕ್ಕ ಹಾಕಿ ನೋಡಿ. ಅಚ್ಚು, ಲಕೋಟೆ, ಅಂಚೆ ಎಲ್ಲ ಸೇರಿ ಪತ್ರವೊಂದಕ್ಕೆ 10 ರೂಪಾಯಿಯೆಂದು ಹಿಡಿದರೂ 3 ಲಕ್ಷ ಸದಸ್ಯರಿಗೆ ಒಂದು ಸಲ ಬರೆಯಲು 30 ಲಕ್ಷ ರೂಪಾಯಿ ಬೇಕು. ನಿವೃತ್ತ ಕನ್ನಡ ಪಂಡಿತರೊಬ್ಬರು ಎಲ್ಲಿಂದ ತರಬೇಕು? ವಾಟ್ಸ್‌ಆಪ್‌ಗೆ ಖರ್ಚಿಲ್ಲವೆನ್ನುವವರಿದ್ದಾರೆ. ಖರ್ಚಿಲ್ಲ ನಿಜ, ಆದರೆ ದೂರವಾಣಿ ಸಂಖ್ಯೆ ಬೇಕಷ್ಟೆ! ಅದು ಯಾರ ಕೈಯಲ್ಲಿರುತ್ತದೋ ಅವರ ಅಭ್ಯರ್ಥಿಗೆ ದಾರಿ ಸುಗಮ. ಇನ್ನು ಅಧಿಕಾರದಲ್ಲಿದ್ದವರು ಉದ್ಘಾಟನೆ, ಸನ್ಮಾನಗಳ ನೆಪದಲ್ಲಿ ಸಂಸ್ಥೆಯ ಖರ್ಚಿನಲ್ಲೇ ಊರೂರು ಸುತ್ತಬಲ್ಲರು. ಒಂದೇ ಮನೆಯ ಊಟದಲ್ಲಿ ಒಂದು ಸಾಲಿಗೆ ಹೋಳಿಗೆ, ಇನ್ನೊಂದು ಸಾಲಿಗೆ ಬರೀ ಗಂಜಿ ಬಡಿಸಿದಂತೆ ಇದು.

ಗಡಿಯಾಚೆಯ ಸದಸ್ಯರ ಮಟ್ಟಿಗೆ ಈ ಪಂಕ್ತಿಭೇದ ಇಮ್ಮಡಿ. ನಮ್ಮ ಮತಗಳು ಸ್ವಲ್ಪ, ಊರುಗಳು ದೂರ. ಖರ್ಚು ಮಾಡಿ ಬರುವ ಲಾಭ ಅಭ್ಯರ್ಥಿಗೆ ಕಾಣದು. ಅದನ್ನು ತಪ್ಪೆನ್ನುವಂತೆಯೂ ಇಲ್ಲ. ಆದುದರಿಂದ ಅಭ್ಯರ್ಥಿಯ ಮಾತನ್ನು ಸದಸ್ಯನ ಮನೆಗೆ ಮುಟ್ಟಿಸುವ ಹೊಣೆಯನ್ನು ಪರಿಷತ್ತೇ ಹೊರಲಿ ಎಂಬುದು ನಮ್ಮ ಸೂಚನೆ. ಎಲ್ಲ ಅಭ್ಯರ್ಥಿಗಳಿಗೂ ಒಂದೊಂದೇ ಪುಟ, ಚೀಟಿ ಎತ್ತಿ ಗೊತ್ತು ಮಾಡಿದ ಅನುಕ್ರಮ, ಒಂದೇ ಕಿರುಹೊತ್ತಗೆ. ಅಂಚೆಯಲ್ಲಿ ಮತ ಹಾಕುವವರಿಗೆ ಮತಪತ್ರದೊಂದಿಗೆ ಅದೂ ಹೋಗಲಿ. ಉಳಿದವರಿಗೆ ಫೋನಿನಲ್ಲಿ ಪರಿಷತ್ತೇ ಕಳುಹಿಸಲಿ. ಸದಸ್ಯರ ದೂರವಾಣಿ ಸಂಖ್ಯೆಯನ್ನು ಯಾವ ಅಭ್ಯರ್ಥಿಗೂ ಕೊಡಬೇಕಾಗಿಲ್ಲ. ಕೊಡುವುದಾದರೆ ಎಲ್ಲರಿಗೂ ಒಂದೇ ದಿನ, ಒಂದೇ ಪಟ್ಟಿ.

ಚುನಾವಣೆ ಘೋಷಣೆಯಾದ ಮೇಲೆ ಸನ್ಮಾನ, ಪ್ರಶಸ್ತಿ, ಅನುದಾನ ಹಂಚಿಕೆಗಳು ನಿಲ್ಲಬೇಕೆಂಬುದಕ್ಕೆ ಹೆಚ್ಚಿನ ವಿವರಣೆ ಬೇಡ. ಖರ್ಚಿಗೂ ಮಿತಿ ಬೇಕು. ವಿದ್ಯಾರ್ಥಿ ಸಂಘಗಳ ಚುನಾವಣೆಯ ಕುರಿತು ಲಿಂಗ್ಡೋ ಸಮಿತಿ ಮಾಡಿದ ಶಿಫಾರಸುಗಳನ್ನು ಸುಪ್ರೀಂ ಕೋರ್ಟು 2006ರಲ್ಲಿ ಜಾರಿಗೆ ತಂದಾಗ ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿಯ ಮಿತಿ ಇತ್ತು. ಅಚ್ಚು ಹಾಕಿಸಿದ ಭಿತ್ತಿಪತ್ರಗಳಿಗೆ ನಿಷೇಧವಿತ್ತು. ಕಾಲೇಜು ಹುಡುಗರು ಪಾಲಿಸಬೇಕಾದ ಶಿಸ್ತು ಸಾಹಿತಿಗಳಿಗೆ ಭಾರವಾಗಬಾರದು. ನಾಡಿನಾದ್ಯಂತ ಹರಡಿದ ಚುನಾವಣೆಗೆ ಆ ಮೊತ್ತ ಸಾಲದು, ಒಪ್ಪುತ್ತೇವೆ. ಮೊತ್ತವೆಷ್ಟೆಂದು ಸರ್ವಸದಸ್ಯರ ಸಭೆ ತೀರ್ಮಾನಿಸಲಿ; ಲೆಕ್ಕವನ್ನು ಮತದಾನಕ್ಕೆ ಮೊದಲೇ ಪ್ರಕಟಿಸುವಂತಾಗಲಿ.

ನಿಯಮಗಳನ್ನು ನಾಮಪತ್ರಕ್ಕೆ ಮುಂಚಿತವಾಗಿಯೇ ಮಾಡಬೇಕು. ಯಾರು ನಿಲ್ಲುತ್ತಾರೆಂದು ತಿಳಿದ ಮೇಲೆ ಮಾಡಿದ ನಿಯಮವನ್ನು ಯಾರೂ ನಂಬರು. 2016ರಲ್ಲಿ ಆರಿಸಿ ಬಂದಾಗ ಮೂರು ವರ್ಷವಿದ್ದ ಅವಧಿ ತಿದ್ದುಪಡಿಯ ಬಳಿಕ ಐದಾಗಿ, ಮುಂದಿನ ಚುನಾವಣೆ 2021ಕ್ಕೆ ಬಂತು. ತಿದ್ದುಪಡಿಯ ಗುಣದೋಷ ಹಾಗಿರಲಿ. ಆಟದ ನಡುವೆ ಗೆರೆ ಜರುಗಿದರೆ ನೋಡುವವರಿಗೆ ಸಂಶಯ ಬರುವುದು ಸಹಜ.

ಇಷ್ಟೆಲ್ಲ ಕಟ್ಟುಪಾಡು ಯಾಕೆ, ಸಾಹಿತ್ಯ ಸಂಸ್ಥೆಗೆ ಚುನಾವಣೆಯೇ ಬೇಡ, ಹಿರಿಯರು ಕೂತು ಅವಿರೋಧವಾಗಿ ಆರಿಸಿದರಾಯಿತು ಎಂಬ ವಾದ ನಮ್ಮಲ್ಲೂ ಉಂಟು. ಅಲ್ಪಸಂಖ್ಯಾತರ ಸಂಘಗಳಲ್ಲಿ 'ಅವಿರೋಧ' ಎಂಬುದು ಬಹಳ ಪ್ರಿಯವಾದ ಶಬ್ದ. ಹೊರಗಿನವರೆದುರು ಜಗಳ ಕಾಣಬಾರದಲ್ಲ! ಆದರೆ 2025ರ ದಶಂಬರ 11, 14 ಮತ್ತು 17ರಂದು ತೆಲಂಗಾಣದಲ್ಲಿ ನಡೆದ ಗ್ರಾಮ ಪಂಚಾಯತು ಚುನಾವಣೆಯ ವೇಳೆ ಕೆಲವು ಹಳ್ಳಿಗಳಲ್ಲಿ ಸರಪಂಚನ ಸ್ಥಾನವನ್ನೇ ಹರಾಜು ಕೂಗಿದ ಸುದ್ದಿ ಬಂದಿತ್ತು. ಹೆಚ್ಚು ಹಣ ಕೂಗಿದವನು ಅವಿರೋಧ! ಅಲ್ಲಿ ಪ್ರಚಾರವೂ ಇಲ್ಲ, ಪ್ರಶ್ನೆಯೂ ಇಲ್ಲ. ನಾವು ಕೇಳುವ ನಿಯಮ ಪ್ರಚಾರದ ಬಾಯಿ ಮುಚ್ಚಿಸಲಿಕ್ಕಲ್ಲ, ಬಡ ಅಭ್ಯರ್ಥಿಗೂ ಬಾಯಿ ಬರಲೆಂದು.

ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳದೇ ಚುನಾವಣಾ ಸಮಿತಿಯಿದ್ದು, ಅಧ್ಯಕ್ಷ ಸ್ಥಾನಕ್ಕೆ ನಿಂತವರೆಲ್ಲರೂ ಒಂದೇ ವೇದಿಕೆಯಲ್ಲಿ ಮಾತಾಡಿ ಪ್ರಶ್ನೆಗಳಿಗೆ ಉತ್ತರಿಸುವ ಪದ್ಧತಿಯಿದೆ. ಪರಿಷತ್ತಿಗೂ ಅಂಥದೊಂದು ಸಭೆ ಕಾಸರಗೋಡಿನಲ್ಲಿ, ಇನ್ನೊಂದು ತೆಲಂಗಾಣದ ಕೃಷ್ಣಾದಲ್ಲಿ ಆಗಬೇಕು. ರಾಯಚೂರಿನ ತನಕ ಬಂದ ಅಭ್ಯರ್ಥಿಗೆ ಶಕ್ತಿನಗರದಿಂದಾಚೆ ಹೊಳೆ ದಾಟಿದರೆ ಕೃಷ್ಣಾ ಸ್ಟೇಶನು ಸಿಗುತ್ತದೆ. ನಾರಾಯಣಪೇಟೆಯವರೂ ಗದ್ವಾಲದವರೂ ಅಲ್ಲಿಗೆ ಬರಲಿ. ಕನ್ನಡ ಶಾಲೆಯ ಖಾಲಿ ಹುದ್ದೆಗಳ ಬಗ್ಗೆ ಹೈದರಾಬಾದಿನಲ್ಲಿ ಯಾರ ಬಾಗಿಲು ತಟ್ಟುವಿರಿ, ಪಠ್ಯಪುಸ್ತಕ ಸಕಾಲಕ್ಕೆ ಬರುವಂತೆ ಏನು ಮಾಡುವಿರಿ ಎಂದು ಅಲ್ಲಿನ ತಂದೆತಾಯಿಯರು ಎದುರಾಎದುರು ಕೇಳಲಿ.

ಮತದಾರರ ಪಟ್ಟಿಯಲ್ಲಿ, ಮತಪತ್ರದಲ್ಲಿ ಕನ್ನಡ ಬೇಕೆಂದು ನಾವು ಸರಕಾರಗಳಿಗೆ ಮನವಿ ಬರೆಯುತ್ತ ಬಂದಿದ್ದೇವೆ. ನಮ್ಮದೇ ಸಂಸ್ಥೆಗೆ ಅಂಥದೊಂದು ಮನವಿ ಬರೆಯಲು ಸಂಕೋಚವೇಕೆ? ಕೇರಳ ಮತ್ತು ತೆಲಂಗಾಣದ ಘಟಕಗಳ ಸದಸ್ಯರು ಕೂಡಿ, ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಪ್ರಚಾರ ನಿಯಮಗಳನ್ನು ಚರ್ಚೆಗೆ ಇಡಬೇಕೆಂದು ಬೆಂಗಳೂರಿಗೆ ಬರೆಯಲಿ. ಮೊದಲ ಸಹಿಗಳು ಕಾಸರಗೋಡಿನಿಂದ ಹೋಗಲಿ.