ದೂರದ ಮಕ್ಕಳ ದನಿ, ಕಡಿಮೆ ಖರ್ಚಿನಲ್ಲಿ



ನನ್ನ ಮಗಳು ಜರ್ಮನಿಯಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದಾಳೆ. ಅವಳು ಹೋದ ಹೊಸತರಲ್ಲಿ ಗಾಬರಿಗೆ ಇಲ್ಲಿಂದ ನೇರ ಐಎಸ್‌ಡಿ ಕರೆ ಮಾಡಿ ಕರೆನ್ಸಿ ಖಾಲಿ ಮಾಡಿಕೊಂಡವನು ನಾನು. ಈಗ ಬುದ್ಧಿ ಬಂದಿದೆ. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸುವ ಇತರ ಪೋಷಕರಿಗೂ ಅನುಕೂಲವಾಗಲೆಂದು ಈ ಪತ್ರ.

ವಾಟ್ಸ್‌ಆ್ಯಪ್ ಕರೆಗೆ ಇಂಟರ್ನೆಟ್ ಇದ್ದರೆ ಸಾಕು. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ‘ಎಡುರೋಮ್’ ಎಂಬ ವೈಫೈ ವಿದ್ಯಾರ್ಥಿಗಳಿಗೆ ಸಿಗುತ್ತದೆ. ಬರೀ ಮಾತಿನ ಕರೆಗೆ ವಿಡಿಯೊಗಿಂತ ಬಹಳ ಕಡಿಮೆ ಡೇಟಾ ಬೇಕು. ಹಾಗಾಗಿ ನಮ್ಮಲ್ಲಿ ವಿಡಿಯೊ ಭಾನುವಾರಕ್ಕೆ ಮಾತ್ರ. ಆಗ ನನ್ನಾಕೆ ಮೊಬೈಲನ್ನು ಸಾಸಿವೆ ಡಬ್ಬಿಗೆ ಒರಗಿಸಿಟ್ಟು ಸಾರು ಮಾಡುತ್ತಾಳೆ. ‘ಹುಣಸೆಹಣ್ಣು ಅಷ್ಟು ಸಾಕೇನಮ್ಮಾ?’ ಎಂದು ಮಗಳು ಕೇಳಿ ಬರೆದುಕೊಳ್ಳುತ್ತಾಳೆ. ಇಲ್ಲಿ ರಾತ್ರಿ 8 ಗಂಟೆಯೆಂದರೆ ಅಲ್ಲಿ ಬೇಸಿಗೆಯಲ್ಲಿ ಸಂಜೆ 4.30, ಚಳಿಗಾಲದಲ್ಲಿ 3.30. ಇದನ್ನು ನೆನಪಿಟ್ಟರೆ ತರಗತಿಯ ಮಧ್ಯೆ ಫೋನು ಹೊಡೆದುಕೊಳ್ಳುವುದಿಲ್ಲ.

ತೊಡಕಿರುವುದು ಮಗಳ ಇಲ್ಲಿನ ಸಿಮ್‌ನದು. ಬ್ಯಾಂಕಿನ ಒಟಿಪಿಗಾಗಿ ಅದನ್ನು ಚಾಲ್ತಿಯಲ್ಲಿ ಇಡಲೇಬೇಕು; ಸಾಮಾನ್ಯ ಪ್ಯಾಕ್ ಹಾಕಿಸಿದರೆ ಬಳಸದ ಡೇಟಾಗೂ ದುಡ್ಡು ತೆರಬೇಕು. ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರ ಡಿಸೆಂಬರ್‌ನಲ್ಲೇ ನಿಯಮ ಮಾಡಿದೆ. ನಮ್ಮೂರ ರೀಚಾರ್ಜ್ ಅಂಗಡಿಯಲ್ಲಿ ಕೇಳಿದರೆ ಮಾತ್ರ ‘ಅಂಥದ್ದು ಯಾವುದೂ ಇಲ್ಲ ಸಾರ್’ ಎಂಬ ಉತ್ತರ. ಈ ಪ್ಯಾಕ್‌ಗಳ ವಿವರವನ್ನು ಪ್ರತಿ ಅಂಗಡಿಯಲ್ಲೂ ಕನ್ನಡದಲ್ಲಿ, ಎದ್ದು ಕಾಣುವಂತೆ ಹಾಕಿಸಲು ಮೊಬೈಲ್ ಕಂಪನಿಗಳು ಇನ್ನಾದರೂ ಮುಂದಾಗಲಿ.

– ಓದುಗರೊಬ್ಬರು, ಅರಸೀಕೆರೆ